ಮಲೆನಾಡಿನ ಮೂರು ತಾಲ್ಲೂಕುಗಳೂ ಮನೆಯ ಕಾಫಿಯೂ

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ—ಈ ಮೂರು ತಾಲ್ಲೂಕುಗಳು ಚಿಕ್ಕಮಗಳೂರು ಜಿಲ್ಲೆಯ ಪಶ್ಚಿಮ ಭಾಗದಲ್ಲಿ ಒಂದಕ್ಕೊಂದು ಹೊಂದಿಕೊಂಡಿವೆ. ತುಂಗೆಯು ಶೃಂಗೇರಿಯನ್ನೂ ಹರಿಹರಪುರವನ್ನೂ ಮುಟ್ಟಿ ಹರಿಯುವಳು. ಭದ್ರೆಯು ಬಾಳೆಹೊನ್ನೂರಿನ ಮೇಲೆ ಹಾದು ನರಸಿಂಹರಾಜಪುರದ ಕಡೆಗೆ ಸಾಗುವಳು. ಕಣಿವೆಯಲ್ಲಿ ಅಡಕೆ, ಇಳಿಜಾರಿನಲ್ಲಿ ಮರಗಳ ನೆರಳಿನಡಿ ಕಾಫಿ, ಆ ಮರಗಳಿಗೆ ಹಬ್ಬಿದ ಮೆಣಸಿನ ಬಳ್ಳಿ—ಇದೇ ಇಲ್ಲಿಯ ಐಶ್ವರ್ಯ. ಯಾತ್ರಿಕರು ಶಾರದಾಂಬೆಯ ದರ್ಶನಕ್ಕೆಂದು ಈ ದಾರಿಯಲ್ಲಿ ಬರುವುದುಂಟು. ನಾವು ಅದರ ಜೊತೆಗೆ, ಕಾಫಿಯ ನಾಡಿನಲ್ಲಿ ಮನೆಯ ಕಾಫಿ ಹೇಗಾಗುವುದೆಂಬುದನ್ನೂ ನೋಡಿ ಬರೋಣವೆಂದು ಹೊರಟೆವು.

ಬಾಬಾ ಬುಡನರು ಅರಬಸ್ಥಾನದಿಂದ ಏಳು ಬೀಜಗಳನ್ನು ತಂದು ಚಂದ್ರದ್ರೋಣ ಪರ್ವತದಲ್ಲಿ ಬಿತ್ತಿದರೆಂಬ ಐತಿಹ್ಯವನ್ನು ವಾಚಕರು ಬಲ್ಲರು. ಇಷ್ಟು ಪುರಾತನವಾದ ಬೆಳೆಯಿದ್ದರೂ ಒಂದು ವಿಪರ್ಯಾಸ ಕಾಣುವುದು. ಒಳ್ಳೆಯ ಬೀಜವೆಲ್ಲವೂ ಮಾರಾಟಕ್ಕೆ. ಒಡೆದುದು, ಉದುರಿದುದು ಮನೆಗೆ. ಎಷ್ಟೋ ಬೆಳೆಗಾರರ ಮನೆಗಳಲ್ಲಿ ಚಿಕೋರಿ ಬೆರೆತ ಪುಡಿ ಪೇಟೆಯಿಂದಲೇ ಬರುವುದು. ಇದರ ನಷ್ಟ ನಾಲಗೆಗೆ ಮಾತ್ರವಲ್ಲ. ಕಣದಲ್ಲಿ ಸರಿಯಾಗಿ ಒಣಗದೆ ಬೂಷ್ಟು ಹಿಡಿದ ಬೀಜದ ದೋಷ ಲೋಟದಲ್ಲಿ ತಿಳಿಯುವಷ್ಟು ಸ್ಪಷ್ಟವಾಗಿ ಇನ್ನೆಲ್ಲಿಯೂ ತಿಳಿಯದು. ತನ್ನ ಬೆಳೆಯನ್ನು ತಾನೇ ಕುಡಿಯದವನಿಗೆ ಅದರ ಗುಣದೋಷಗಳನ್ನು ಹೇಳುವವನು ವರ್ತಕನೊಬ್ಬನೇ. ಬೆಲೆಯನ್ನು ಕಟ್ಟುವವನೂ ಅವನೇ.

ಕೊಪ್ಪದ ಸುತ್ತಿನಲ್ಲಿ ಬೀಜವನ್ನು ಮನೆಯಲ್ಲಿಯೇ ಹುರಿಯುವ ರೂಢಿ ಇನ್ನೂ ಕೆಲವೆಡೆ ಉಳಿದಿದೆ. ಇದಕ್ಕೆ ದಪ್ಪ ತಳದ ಕಬ್ಬಿಣದ ಬಾಣಲೆಯೇ ಸಾಕು. ಹದವಾದ ಉರಿಯಲ್ಲಿ ಕೈಬಿಡದೆ ಆಡಿಸುತ್ತಿರಬೇಕು. ಬೀಜ ಮೊದಲು ಹಳದಿಯಾಗಿ, ಬಳಿಕ ಕಂದುಬಣ್ಣಕ್ಕೆ ತಿರುಗಿ, ಚಟಪಟನೆ ಸಿಡಿಯುವುದು. ಸಿಡಿತ ನಿಂತು ಸ್ವಲ್ಪ ಹೊತ್ತಿಗೆ ಇಳಿಸಿ, ಮೊರದಲ್ಲಿ ಹರವಿ ಕೂಡಲೇ ಆರಿಸತಕ್ಕದ್ದು. ಬಾಣಲೆಯಲ್ಲಿಯೇ ಬಿಟ್ಟರೆ ಆ ಕಾವಿಗೇ ಕರಿಕಾಗುವುದು. ಹುರಿದ ಬೀಜದಿಂದ ಇಂಗಾಲಾಮ್ಲ ವಾಯು ಹೊರಡುತ್ತಿರುವುದರಿಂದ ಒಂದು ದಿನ ಬಿಟ್ಟು ಪುಡಿಮಾಡುವುದು ಒಳ್ಳೆಯದು. ಪುಡಿಯಾದ ಮೇಲೆ ಪರಿಮಳ ಬೇಗ ಹಾರುವುದು. ಆದುದರಿಂದ ವಾರಕ್ಕೆ ಬೇಕಾದಷ್ಟನ್ನೇ ಬೀಸಿಕೊಳ್ಳಬೇಕು.

ಹರಿಹರಪುರದ ಮಾರ್ಗವಾಗಿ ಶೃಂಗೇರಿಗೆ ಬಂದೆವು. ಇಲ್ಲಿಯ ಮಳೆಗಾಲದಲ್ಲಿ ಉಪ್ಪು ನೀರಾಗುವಂತೆ ಕಾಫಿಪುಡಿಯೂ ತೇವವನ್ನು ಹೀರಿ ಮುಗ್ಗುವುದು. ಬಿಗಿಯಾದ ಮುಚ್ಚಳದ ಡಬ್ಬಿ, ಒಣಗಿದ ಚಮಚ—ಇವೆರಡನ್ನು ಮರೆಯಬಾರದು. ಆದರೆ ಮಲೆನಾಡಿನ ಹಳ್ಳದ ನೀರು ಕಾಫಿಗೆ ಅನುಕೂಲವಾದುದು. ಬಯಲುಸೀಮೆಯ ಅನೇಕ ಕೊಳವೆಬಾವಿಗಳ ಗಡಸು ನೀರಿನ ಕ್ಷಾರವು ಕಾಫಿಯ ಸಹಜವಾದ ನವಿರು ಹುಳಿಯನ್ನು ಅಡಗಿಸಿ ರುಚಿಯನ್ನು ಸಪ್ಪೆಮಾಡುವುದು; ಮೆದು ನೀರಿನಲ್ಲಿ ಈ ತೊಡಕಿಲ್ಲ. ಬೆಲ್ಲದ ನೀರನ್ನು ಕುದಿಸಿ, ಪುಡಿ ಹಾಕಿ, ಬಟ್ಟೆಯಲ್ಲಿ ಶೋಧಿಸುವ ಹಳೆಯ ಕ್ರಮವೂ ಈ ಸೀಮೆಯದು. ಪುಡಿ ಹಾಕಿದೊಡನೆ ಇಳಿಸಿ ಮುಚ್ಚಿಟ್ಟರೆ ಸೊಗಸು. ಪುಡಿಯೊಡನೆ ಕುದಿಸಿದರೆ ಕಹಿ.

ಜಯಪುರದ ಮೇಲೆ ಬಾಳೆಹೊನ್ನೂರಿಗೆ ಹೋದೆವು. 1925ರಲ್ಲಿ ಮೈಸೂರು ಸರ್ಕಾರವು ಇದರ ಸಮೀಪದಲ್ಲಿ ಸ್ಥಾಪಿಸಿದ ಪ್ರಯೋಗಕ್ಷೇತ್ರವೇ ಈಗಿನ ಕೇಂದ್ರ ಕಾಫಿ ಸಂಶೋಧನಾ ಸಂಸ್ಥೆ. ಎಸ್. 795 ಎಂಬ ಪ್ರಸಿದ್ಧ ಅರೇಬಿಕಾ ತಳಿ 1940ರ ದಶಕದಲ್ಲಿ ಇಲ್ಲಿಂದ ಹೊರಬಂದಿತು. ಮನೆಗೆ ಬೀಜವನ್ನು ಆರಿಸುವಾಗ ಅರೇಬಿಕಾ ಪರಿಮಳಕ್ಕೆ, ರೊಬಸ್ಟಾ ಗಟ್ಟಿತನಕ್ಕೆ ಎಂದು ನೆನಪಿಟ್ಟರೆ ಸಾಕು. ಚಿಕೋರಿಯಾದರೋ ಬೀಜವೇ ಅಲ್ಲ, ಹುರಿದ ಬೇರು. ಬಣ್ಣವನ್ನೂ ಮಂದತೆಯನ್ನೂ ಕೊಡುವುದು, ಕಾಫಿಯ ಪರಿಮಳವನ್ನು ಕೊಡದು.

ಹಿಂದೆ ಎಡೇಹಳ್ಳಿಯೆನಿಸಿದ್ದು, ಯುವರಾಜ ನರಸಿಂಹರಾಜ ಒಡೆಯರ ಹೆಸರನ್ನು ಪಡೆದ ನರಸಿಂಹರಾಜಪುರದಲ್ಲಿ ನಮ್ಮ ಪ್ರಯಾಣ ಮುಗಿಯಿತು. ಅಲ್ಲಿ ನಾವು ಕುಡಿದ ಉತ್ತಮವಾದ ಕಾಫಿ ಸಾಧಾರಣವಾದ ಹಿತ್ತಾಳೆಯ ಫಿಲ್ಟರಿನಲ್ಲಿ ಇಳಿದುದು. ಅದರ ಕ್ರಮವಿಷ್ಟೆ: ಮೂವರಿಗೆ 30 ಗ್ರಾಂ ಪುಡಿಯನ್ನು ಮೇಲಿನ ಪಾತ್ರೆಯಲ್ಲಿ ಸಮವಾಗಿ ಹರವಿ, ತೂತುಬಿಲ್ಲೆಯಿಂದ ಹಗುರವಾಗಿ ಒತ್ತಬೇಕು. ಕುದಿದ ನೀರನ್ನು ಇಳಿಸಿ ಅರ್ಧ ನಿಮಿಷ ಬಿಟ್ಟು, ಮೊದಲು ಪುಡಿ ನೆನೆಯುವಷ್ಟು, ಪುಡಿಯ ಉಬ್ಬರ ಇಳಿದ ಮೇಲೆ ಉಳಿದುದನ್ನು, ಒಟ್ಟು 200 ಮಿ.ಲೀ. ಹೊಯ್ಯಬೇಕು. ಚರಟವು ಸುಮಾರು 60 ಮಿ.ಲೀ. ನೀರನ್ನು ಹಿಡಿದಿಟ್ಟುಕೊಂಡು ಮಿಕ್ಕುದನ್ನು ಬಿಡುವುದು. ಹನಿ ಇಳಿಯದಿದ್ದರೆ ಪುಡಿ ತೀರ ನಯವಾಗಿದೆ, ಇಲ್ಲವೆ ಒತ್ತಿದುದು ಹೆಚ್ಚಾಗಿದೆ. ಬೇಗ ಇಳಿದು ತೆಳುವಾದರೆ ಪುಡಿ ತರಿಯಾಗಿದೆ. ಡಿಕಾಕ್ಷನ್ನನ್ನು ಮತ್ತೆ ಕುದಿಸಬಾರದು. ಹಾಲನ್ನು ಕಾಯಿಸಿ ಬೆರೆಸುವುದೇ ಸರಿ.

ಇವುಗಳಲ್ಲಿ ಯಾವುದಕ್ಕೂ ದುಬಾರಿಯ ಯಂತ್ರ ಬೇಕಿಲ್ಲ. ಹೊಸದಾಗಿ ಹುರಿದ ಬೀಜ, ಹದವಾದ ಪುಡಿ, ಒಳ್ಳೆಯ ನೀರು, ಕಾಲುಗಂಟೆಯ ತಾಳ್ಮೆ ಇದ್ದರಾಯಿತು. ಬೆಳೆಗಾರರ ಮನೆಯವರಾದರೋ ಮಾರುವ ಮುನ್ನ ಒಂದೆರಡು ಸೇರು ಒಳ್ಳೆಯ ಬೀಜವನ್ನು ಮನೆಗೆಂದು ಎತ್ತಿಡಬೇಕೆಂದು ನಮ್ಮ ವಿಜ್ಞಾಪನೆ. ವರ್ಷವಿಡೀ ದುಡಿದ ಫಲ ಎಂಥದೆಂಬುದನ್ನು ಅವರು ಇತರರಿಂದ ಕೇಳಿ ತಿಳಿಯಬೇಕಾದ ಅಗತ್ಯವಿಲ್ಲ.