ಜಮಖಾನೆ ಹಾಸುವವರ ಪಕ್ಷ

ಪಕ್ಷದ ಒಗ್ಗಟ್ಟು ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು, ವೇದಿಕೆಯ ಮೇಲೆ ನಾಯಕರು ಪರಸ್ಪರ ಕೈಹಿಡಿದು ಮೇಲೆತ್ತಿ ನಿಂತ ಚಿತ್ರ. ಮರುದಿನದ ಪತ್ರಿಕೆಗಳಲ್ಲಿ ಆ ಚಿತ್ರ ಅಚ್ಚಾಗುತ್ತದೆ. ಆರು ತಿಂಗಳು ಕಳೆಯುವಷ್ಟರಲ್ಲಿ ಅವೇ ಕೈಗಳು ಒಬ್ಬರತ್ತ ಒಬ್ಬರು ಬೆರಳು ತೋರಿಸುತ್ತಿರುತ್ತವೆ. ಆ ವೇದಿಕೆ ಕಟ್ಟಿದವರು, ಜಮಖಾನೆ ಹಾಸಿದವರು, ಹಳ್ಳಿಹಳ್ಳಿಗಳಿಂದ ಜನರನ್ನು ಕರೆತಂದವರು ಮಾತ್ರ ಯಾವ ಚಿತ್ರದಲ್ಲಿಯೂ ಕಾಣುವುದಿಲ್ಲ. ಪಕ್ಷದ ಒಗ್ಗಟ್ಟು ನಿಂತಿರುವುದು ಇವರ ಹೆಗಲ ಮೇಲೆ ಎಂಬುದು, ರಾಜ್ಯದ ರಾಜಕಾರಣವನ್ನು ನಾಲ್ಕು ದಶಕಗಳ ಕಾಲ ಊರ ಕಟ್ಟೆಯ ಮೇಲಿನಿಂದಲೇ ನೋಡುತ್ತ ಬಂದ ನನ್ನ ಅನುಭವ.

ಈ ಮಾತಿಗೆ ಕರ್ನಾಟಕದ ಜನತಾ ಪಕ್ಷದ ಕಥೆಗಿಂತ ಒಳ್ಳೆಯ ಪಾಠ ಬೇರೊಂದಿಲ್ಲ. 1983ರ ಜನವರಿಯಲ್ಲಿ ವಿಧಾನಸಭೆಯ 224 ಸ್ಥಾನಗಳಲ್ಲಿ 95ನ್ನು ಗೆದ್ದ ಆ ಪಕ್ಷ, ಇತರರ ಬೆಂಬಲದೊಡನೆ ರಾಮಕೃಷ್ಣ ಹೆಗಡೆಯವರ ನಾಯಕತ್ವದಲ್ಲಿ ರಾಜ್ಯದ ಮೊದಲ ಕಾಂಗ್ರೆಸ್ಸೇತರ ಸರ್ಕಾರವನ್ನು ರಚಿಸಿತು. 1984ರ ಲೋಕಸಭಾ ಚುನಾವಣೆಯಲ್ಲಿ 28 ಸ್ಥಾನಗಳ ಪೈಕಿ ಕೇವಲ 4 ದಕ್ಕಿದಾಗ ಹೆಗಡೆಯವರು ರಾಜೀನಾಮೆಯಿತ್ತು ಹೊಸದಾಗಿ ಜನರ ಮುಂದೆ ಹೋದರು. ಕೆಲವೇ ತಿಂಗಳಲ್ಲಿ, 1985ರ ಮಾರ್ಚಿನಲ್ಲಿ, ಅದೇ ಮತದಾರರು 139 ಸ್ಥಾನಗಳನ್ನಿತ್ತರು.

ಆ ಸರ್ಕಾರದ ಕೆಲಸಗಳಲ್ಲಿ ಚಿರಕಾಲ ನಿಲ್ಲುವಂಥದು ಪಂಚಾಯತ ರಾಜ್ಯ ವ್ಯವಸ್ಥೆ. ಗುಂಡ್ಲುಪೇಟೆಯ ಅಬ್ದುಲ್ ನಜೀರ್ ಸಾಬರು ಮಂತ್ರಿಗಳಾಗಿ ಅದಕ್ಕಾಗಿ ಜೀವ ತೇಯ್ದರು. ಊರೂರಿಗೆ ಕೊಳವೆಬಾವಿ ಕೊರೆಸಿದ ಅವರನ್ನು ಜನರು ಪ್ರೀತಿಯಿಂದ ‘ನೀರ್ ಸಾಬ್’ ಎಂದರು. 1983ರ ಕಾಯಿದೆಯಂತೆ 1987ರಲ್ಲಿ ಜಿಲ್ಲಾ ಪರಿಷತ್ತು ಹಾಗೂ ಮಂಡಲ ಪಂಚಾಯತಿಗಳಿಗೆ ಚುನಾವಣೆ ನಡೆಯಿತು. ನೂರಕ್ಕೆ 25 ಸ್ಥಾನಗಳು ಮಹಿಳೆಯರಿಗೆ ಮೀಸಲಾದವು. ಜಿಲ್ಲಾ ಪರಿಷತ್ತಿನ ಅಧ್ಯಕ್ಷರಿಗೆ ರಾಜ್ಯ ಸಚಿವರ ಸ್ಥಾನಮಾನ ದೊರೆಯಿತು.

ನಮ್ಮ ಚಿಕ್ಕಮ್ಮನವರು ಆ ಚುನಾವಣೆಯಲ್ಲಿ ಮಂಡಲ ಪಂಚಾಯತಿಯ ಸದಸ್ಯೆಯಾದರು. ಓದಿದ್ದು ನಾಲ್ಕನೆಯ ಇಯತ್ತೆ. ಮೊದಲ ಸಭೆಯಲ್ಲಿ ತಲೆಯ ಮೇಲಿನ ಸೆರಗು ಸರಿಸದೆ ಬಾಗಿಲ ಬಳಿ ಕುಳಿತು ಎದ್ದು ಬಂದಿದ್ದರು. ಮೂರನೆಯ ಸಭೆಯಲ್ಲಿ ಖರ್ಚಿನ ಪಟ್ಟಿ ಓದಿದಾಗ, “ಬೋರು ಕೊರೆದ ಲೆಕ್ಕ ಬಂತ್ರಿ, ನೀರು ಬಂದ ಲೆಕ್ಕ ಎಲ್ಲೈತಿ?” ಎಂದು ಕೇಳಿದರಂತೆ. ಸಭೆ ಕ್ಷಣಕಾಲ ಸ್ತಬ್ಧವಾಯಿತು. ಅಂದಿನಿಂದ ಅವರ ಪಕ್ಷದ ಮುಖಂಡರು ನಮ್ಮ ಮನೆಯ ಪಡಸಾಲೆಗೆ ಬಂದು ಕುಳಿತು ಮಾತನಾಡತೊಡಗಿದರು. ಅಲ್ಲಿಯವರೆಗೆ ಮತ ಕೇಳುವಾಗ ಮಾತ್ರ ನಮ್ಮ ಓಣಿಯನ್ನು ನೆನೆಯುತ್ತಿದ್ದ ಪಕ್ಷಕ್ಕೆ ನಮ್ಮ ಓಣಿಯ ಕಾಲುಗಳೇ ಮೂಡಿದ್ದವು.

ಆದರೆ ಕಾಲು ಬಲಿಯುತ್ತಿದ್ದ ಹೊತ್ತಿನಲ್ಲಿಯೇ ತಲೆಗಳು ಒಡೆದವು. 1988ರ ಆಗಸ್ಟಿನಲ್ಲಿ ಹೆಗಡೆಯವರು ಅಧಿಕಾರ ಬಿಟ್ಟರು, ಎಸ್.ಆರ್. ಬೊಮ್ಮಾಯಿಯವರು ಮುಖ್ಯಮಂತ್ರಿಗಳಾದರು. 1989ರ ಏಪ್ರಿಲಿನಲ್ಲಿ 19 ಶಾಸಕರು ಬೆಂಬಲ ಹಿಂದೆಗೆದುಕೊಂಡ ಪತ್ರಗಳು ರಾಜ್ಯಪಾಲರಿಗೆ ತಲುಪಿದವು. ಅವರಲ್ಲಿ 7 ಮಂದಿ, ತಪ್ಪು ತಿಳಿವಳಿಕೆ ನೀಡಿ ನಮ್ಮ ಸಹಿ ಪಡೆಯಲಾಗಿದೆ ಎಂದರೂ, ಸದನದಲ್ಲಿ ಬಹುಮತ ಪರೀಕ್ಷಿಸುವ ಅವಕಾಶವಿಲ್ಲದೆ ಸರ್ಕಾರ ವಜಾ ಆಯಿತು. ಬಹುಮತ ನಿರ್ಣಯವಾಗಬೇಕಾದುದು ಸದನದಲ್ಲಿಯೇ ಎಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠ 1994ರ ಮಾರ್ಚಿನಲ್ಲಿ ಸಾರಿತು. ಸಂವಿಧಾನಕ್ಕೆ ಅದೊಂದು ದೊಡ್ಡ ಬಲ. ಪಕ್ಷಕ್ಕಾದ ಹಾನಿಯನ್ನು ಮಾತ್ರ ಯಾವ ನ್ಯಾಯಾಲಯವೂ ತುಂಬಿಕೊಡಲಾರದಾಗಿತ್ತು. ಹೆಗಡೆ, ಬೊಮ್ಮಾಯಿಯವರು ಜನತಾ ದಳದಲ್ಲಿಯೂ ದೇವೇಗೌಡರು ಹಳೆಯ ಜನತಾ ಪಕ್ಷದಲ್ಲಿಯೂ ನಿಂತು ಎದುರಿಸಿದ 1989ರ ಚುನಾವಣೆಯಲ್ಲಿ ದಕ್ಕಿದ್ದು ಕ್ರಮವಾಗಿ 24 ಮತ್ತು 2.

ಇದು ಒಂದು ಪಕ್ಷದ ರೋಗವಲ್ಲ. ಅದೇ ಚುನಾವಣೆಯಲ್ಲಿ ವೀರೇಂದ್ರ ಪಾಟೀಲರ ನಾಯಕತ್ವದಲ್ಲಿ ಕಾಂಗ್ರೆಸ್ 178 ಸ್ಥಾನಗಳನ್ನು ಗೆದ್ದಿತು. ಮರುವರ್ಷದ ಅಕ್ಟೋಬರಿನಲ್ಲಿ, ಅವರು ಅಸ್ವಸ್ಥರಾಗಿದ್ದಾಗಲೇ, ದೆಹಲಿಯ ವರಿಷ್ಠರ ತೀರ್ಮಾನದಂತೆ ಅವರು ಹುದ್ದೆ ತೊರೆಯಬೇಕಾಯಿತು. ಒಂದೇ ಅವಧಿಯಲ್ಲಿ ಮೂವರು ಮುಖ್ಯಮಂತ್ರಿಗಳನ್ನು ಕಂಡ ಪಕ್ಷ 1994ರಲ್ಲಿ 34ಕ್ಕೆ ಇಳಿಯಿತು. ಆಗ ಒಂದುಗೂಡಿ 115 ಸ್ಥಾನ ಗೆದ್ದ ಜನತಾ ದಳವಾದರೂ ಬುದ್ಧಿ ಕಲಿಯಿತೇ? 1996ರಲ್ಲಿ ಹೆಗಡೆಯವರ ಉಚ್ಚಾಟನೆ, 1999ರಲ್ಲಿ ಮತ್ತೆ ಒಡಕು. ಆ ವರ್ಷ ಎರಡು ದಳಗಳಿಗೂ ಸೇರಿ ಬಂದದ್ದು 28 ಸ್ಥಾನ.

ಈ ಅಂಕಿಗಳನ್ನು ಓದುವಾಗ ನನಗೆ ತೋರುವುದಿಷ್ಟು: ಕೂಡುವಾಗಲೂ ಒಡೆಯುವಾಗಲೂ ಕೆಳಗಿನವರನ್ನು ಕೇಳಿದವರು ವಿರಳ. 1985ರ ಪಕ್ಷಾಂತರ ನಿಷೇಧ ಕಾಯಿದೆ ಶಾಸಕರನ್ನು ಕಟ್ಟಿಹಾಕಲು ಹೊರಟಿತೇ ಹೊರತು ಕಾರ್ಯಕರ್ತನಿಗೆ ನಾಲಗೆ ಕೊಡಲಿಲ್ಲ. ಪ್ರಜಾಪ್ರತಿನಿಧಿ ಕಾಯಿದೆಗೆ 1989ರಲ್ಲಿ ಸೇರಿದ ಕಲಮಿನಂತೆ, ನೋಂದಣಿ ಬಯಸುವ ಪಕ್ಷ ಪ್ರಜಾಪ್ರಭುತ್ವಕ್ಕೆ ನಿಷ್ಠೆಯನ್ನು ಬರೆದುಕೊಡಬೇಕು. ಆದರೆ ಟಿಕೆಟ್ ಹಂಚುವ ಕೋಣೆಯೊಳಗೆ ಆ ನಿಷ್ಠೆ ಎಷ್ಟು ಪ್ರವೇಶಿಸುತ್ತದೆ? ಇಪ್ಪತ್ತು ವರ್ಷ ಸ್ವಂತ ಸೈಕಲ್ಲಿನ ಮೇಲೆ ತಿರುಗಿ ಸದಸ್ಯರನ್ನು ಮಾಡಿಸಿದವನು ಹೊರಗೆ ನಿಂತಿರುವಾಗ, ಹಿಂದಿನ ದಿನ ಪಕ್ಷ ಸೇರಿದವನು ಬಿ ಫಾರಂ ಹಿಡಿದು ಹೊರಬರುವುದನ್ನು ನಾನು ಕಂಡಿದ್ದೇನೆ. ಹಾಗೆ ನಿಂತವನು ಮರುದಿನ ಬಂಡಾಯವೇಳುವುದಿಲ್ಲ. ಸುಮ್ಮನೆ ಮನೆಯಲ್ಲಿ ಉಳಿಯುತ್ತಾನೆ. ಪಕ್ಷಕ್ಕೆ ಬಂಡಾಯಕ್ಕಿಂತ ಆ ಮೌನವೇ ಹೆಚ್ಚು ಅಪಾಯ. ಬಂಡಾಯಗಾರನೊಡನೆ ಸಂಧಾನ ಸಾಧ್ಯ. ಆಸೆ ಬಿಟ್ಟವನೊಡನೆ ಏನು ಮಾತನಾಡುವುದು?

ಹಾಗಾದರೆ ಮಾಡಬೇಕಾದುದೇನು? ಮತಗಟ್ಟೆಯ ಮಟ್ಟದ ಸಮಿತಿ ಚುನಾವಣೆಯ ತಿಂಗಳಲ್ಲಿ ಮಾತ್ರವಲ್ಲದೆ ವರ್ಷವಿಡೀ ಸೇರಬೇಕು. ಅಭ್ಯರ್ಥಿಯ ಹೆಸರು ರಾಜಧಾನಿಯಿಂದ ಇಳಿದುಬರುವ ಮುನ್ನ ಆ ಸಮಿತಿಗಳ ಅಭಿಪ್ರಾಯ ಬರಹದಲ್ಲಿ ಮೇಲಕ್ಕೆ ಹೋಗಬೇಕು. ಒಪ್ಪದಿದ್ದರೆ ಕಾರಣ ಹೇಳುವ ಸೌಜನ್ಯ ಮೇಲಿನವರಿಗಿರಬೇಕು. ಸಂಗ್ರಹಿಸಿದ ಹಣದ ಲೆಕ್ಕವನ್ನು ಕೊಟ್ಟವರ ಎದುರಿನಲ್ಲಿಯೇ ಓದಬೇಕು. ಪಂಚಾಯತಿಗಳಲ್ಲಿ ಮಹಿಳೆಯರಿಗೆ ಅರ್ಧದಷ್ಟು ಸ್ಥಾನಗಳನ್ನು ಮೀಸಲಿಡಲು 2010ರಲ್ಲಿ ಕಾಯಿದೆ ಬದಲಾಯಿತು. ಪಕ್ಷಗಳು ತಮ್ಮ ಸಮಿತಿಗಳಲ್ಲಿಯೂ ಅದೇ ಔದಾರ್ಯ ತೋರಿಸಲಿ. ಭಿನ್ನಾಭಿಪ್ರಾಯವನ್ನು ದ್ರೋಹವೆಂದು ಎಣಿಸುವ ರೂಢಿ ತೊಲಗಲಿ. ಅವಿಭಕ್ತ ಕುಟುಂಬಗಳಲ್ಲಿ ಬೆಳೆದ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಎಲ್ಲರೂ ಒಂದೇ ಮಾತನಾಡಿದ್ದರಿಂದ ಯಾವ ಮನೆಯೂ ಉಳಿದಿಲ್ಲ. ಕಿರಿಯ ಸೊಸೆಯ ಮಾತಿಗೂ ಕಿವಿಗೊಡುವ ಹಿರಿಯರಿದ್ದುದರಿಂದ ಉಳಿದಿವೆ.

ಓದುಗ ಬಂಧುಗಳ ಮನೆಗಳಲ್ಲಿ ಬೇರೆ ಬೇರೆ ಪಕ್ಷಗಳಲ್ಲಿ ದುಡಿಯುವ ತರುಣರಿದ್ದಾರೆ. ಅವರು ಯಾವ ಪಕ್ಷದಲ್ಲಿಯೇ ಇರಲಿ, ಮುಂದಿನ ಸಭೆಗೆ ಹೋಗುವಾಗ ಎರಡು ಪ್ರಶ್ನೆಗಳನ್ನು ಒಯ್ಯಲಿ: ಈ ನಿರ್ಣಯ ಮಾಡಿದವರು ಯಾರು? ನಮ್ಮನ್ನು ಕೇಳಿದ್ದು ಯಾವಾಗ? ಉತ್ತರ ತಡವಾಗಿ ಬಂದೀತು, ಬಾರದೆಯೂ ಇದ್ದೀತು. ಆದರೆ ಪ್ರಶ್ನೆ ಕೇಳುವವರಿಲ್ಲದ ಪಕ್ಷ ಎಷ್ಟೇ ಸ್ಥಾನ ಗೆದ್ದರೂ ಬೇರಿಲ್ಲದ ಮರವೇ ಸರಿ.