ಮರವಿಲ್ಲದ ಬಯಲಿನಲ್ಲಿ ಏಳು ಬೈಕುಗಳು

2019ರ ಸೆಪ್ಟೆಂಬರಿನಲ್ಲಿ ನಮ್ಮ ಶಾಲೆಯ 1994ರ ಎಸ್ಸೆಸ್ಸೆಲ್ಸಿ ತಂಡದ ಏಳು ಮಂದಿ ತಮ್ಮ ಬೈಕುಗಳನ್ನು ಹಡಗಿನಲ್ಲಿ ಸಾಗಿಸಿ, ಆಸ್ಟ್ರೇಲಿಯವನ್ನು ಪಶ್ಚಿಮದ ಕಡಲಿನಿಂದ ಪೂರ್ವದ ಕಡಲಿನವರೆಗೆ ದಾಟಿದ ಸಂಗತಿ ನಿಮ್ಮಲ್ಲಿ ಹಲವರಿಗೆ ಗೊತ್ತೇ ಇದೆ. ಅವರ ಹಿಂದೆ ಸಾಮಾನಿನ ವ್ಯಾನಿನಲ್ಲಿ ಎಪ್ಪತ್ತರ ಈ ಮುದುಕನೂ ಹೋಗಿದ್ದನೆಂಬುದನ್ನು ಫೋಟೋಗಳಲ್ಲಿ ಕಂಡು ಕೆಲವರು ಬೆರಗಾದಿರಿ. ಒಂದಿಬ್ಬರು ಬಂಧುಗಳು ಗದರಿಯೂ ಬಿಟ್ಟರು. ಆಗ ನಾನು ಪರ್ತ್ ನಗರದಲ್ಲಿ ಮಗಳ ಮನೆಯಲ್ಲಿದ್ದೆ. ಅದೇ ತಂಡದ ಎಂಟನೆಯವನು ಆ ಊರಿನಲ್ಲೇ ನೆಲೆಸಿದ್ದಾನೆ. ವ್ಯಾನು ನಡೆಸುವ ಹೊಣೆ ಅವನದಾಗಿತ್ತು. "ಸಾರ್, ಪಕ್ಕದ ಸೀಟು ಖಾಲಿ ಇದೆ, ಬನ್ನಿ" ಎಂದ. ಮೂವತ್ತಮೂರು ವರ್ಷ ಭೂಗೋಳ ಪಾಠ ಹೇಳಿದವನಿಗೆ ಇದಕ್ಕಿಂತ ದೊಡ್ಡ ಆಮಿಷ ಇನ್ನೇನು ಬೇಕು? ಫೋಟೋಗಳಲ್ಲಿ ಇಲ್ಲದ ಕೆಲವು ಮಾತುಗಳನ್ನು ಬರೆಯಬೇಕೆಂದು ಅಂದಿನಿಂದಲೂ ಅಂದುಕೊಳ್ಳುತ್ತಿದ್ದೆ. ಈಗ ಬರೆಯುತ್ತಿದ್ದೇನೆ.

ಬೈಕನ್ನು ಹಡಗಿಗೆ ಹಾಕುವುದೆಂದರೆ ಪಾರ್ಸೆಲ್ ಕಳಿಸಿದಂತೆ ಎಂದು ತಿಳಿದವರಿದ್ದಾರೆ. ಅದಕ್ಕೆ ಮೊದಲು ಬೇಕಾದದ್ದು ಕಾರ್ನೆ ಎಂಬ ಕಾಗದಪತ್ರಗಳ ಪುಸ್ತಕ. 1954ರ ಒಂದು ಅಂತರರಾಷ್ಟ್ರೀಯ ಒಪ್ಪಂದ ಇದರ ಹಿಂದಿದೆ. ಅದರ ಪ್ರತಿ ಪುಟದಲ್ಲೂ ಮೂರು ಭಾಗಗಳು: ದೇಶದೊಳಗೆ ಬರುವಾಗ ಒಂದನ್ನು ಸುಂಕದ ಅಧಿಕಾರಿ ಹರಿದುಕೊಳ್ಳುತ್ತಾನೆ, ಹೊರಡುವಾಗ ಇನ್ನೊಂದನ್ನು, ಎರಡರ ಮುದ್ರೆಯೂ ಬಿದ್ದ ಮೂರನೆಯ ಭಾಗ ನಮ್ಮಲ್ಲಿ ಉಳಿಯುತ್ತದೆ. ಅವಧಿ ಒಂದು ವರ್ಷ. ಅದನ್ನು ಪಡೆಯಲು ಬ್ಯಾಂಕಿನಲ್ಲಿ ದೊಡ್ಡ ಮೊತ್ತವನ್ನು ಭದ್ರತೆಯಾಗಿ ಇಡಬೇಕು. ಇಷ್ಟೆಲ್ಲದರ ತಾತ್ಪರ್ಯ ಒಂದೇ: ಈ ವಾಹನವನ್ನು ನಿಮ್ಮ ನೆಲದಲ್ಲಿ ಮಾರುವುದಿಲ್ಲ, ಬಿಟ್ಟೂ ಹೋಗುವುದಿಲ್ಲ, ಹೇಗೆ ತಂದೆನೋ ಹಾಗೆಯೇ ಹಿಂದಕ್ಕೆ ಒಯ್ಯುತ್ತೇನೆ ಎಂಬ ಮಾತು. ಈ ಷರತ್ತು ಮುಂದೆ ನಮ್ಮನ್ನು ಕಾಡಲಿತ್ತು.

ಎರಡನೆಯದು ಸ್ವಚ್ಛತೆ. ಪರದೇಶದ ಮಣ್ಣು, ಬೀಜ, ಹುಳು ಯಾವುದೂ ಒಳಗೆ ಬರಬಾರದೆಂಬ ವಿಷಯದಲ್ಲಿ ಆಸ್ಟ್ರೇಲಿಯದವರು ಬಹಳ ಕಟ್ಟುನಿಟ್ಟು. ಹೊಸನಗರದ ಜಂಬಿಟ್ಟಿಗೆ ಮಣ್ಣು ಬೈಕಿನ ಯಾವ ಯಾವ ಸಂದಿಯಲ್ಲಿ ಸೇರಿಕೊಂಡಿರುತ್ತದೆ ಎಂಬುದು ಅಲ್ಲಿಯ ಮಳೆಗಾಲದಲ್ಲಿ ಓಡಾಡಿದವರಿಗಷ್ಟೇ ಗೊತ್ತು. ಹುಡುಗರು (ನಲವತ್ತು ದಾಟಿದವರನ್ನು ಹುಡುಗರೆನ್ನುವುದು ಮೇಷ್ಟರ ಹಕ್ಕು) ಚಕ್ರ ಕಳಚಿ, ಸೀಟು ಕಳಚಿ, ಹಲ್ಲುಜ್ಜುವ ಬ್ರಷ್ಷಿನಿಂದ ವಾರಗಟ್ಟಲೆ ಉಜ್ಜಿದರಂತೆ. ಒಂದು ಬೈಕಿನ ಸೀಟಿನಡಿಯಲ್ಲಿ ಉತ್ತರಾಣಿ ಬೀಜಗಳ ಒಂದು ಗೊಂಚಲೇ ಸಿಕ್ಕಿತಂತೆ. ಮೂರನೆಯದು ಕಲ್ನಾರು, ಅಂದರೆ ಆಸ್‌ಬೆಸ್ಟಾಸ್. 2003ರ ಕೊನೆಯಿಂದ ಆ ದೇಶದಲ್ಲಿ ಅದರ ಆಮದು ಪೂರ್ಣ ನಿಷೇಧ. ಹಳೆಯ ಬೈಕುಗಳ ಬ್ರೇಕ್ ಲೈನಿಂಗ್, ಕ್ಲಚ್ ಪ್ಲೇಟು, ಗ್ಯಾಸ್ಕೆಟ್ಟುಗಳಲ್ಲಿ ಅದು ಇರುವ ಸಂಭವ ಹೆಚ್ಚು. ಆದುದರಿಂದ ಅವುಗಳನ್ನೆಲ್ಲ ಬದಲಿಸಬೇಕು.

"ಇಷ್ಟು ಕಷ್ಟಪಡುವ ಬದಲು ಅಲ್ಲೇ ಬಾಡಿಗೆಗೆ ಬೈಕು ಸಿಗುವುದಿಲ್ಲವೇ?" ಎಂದು ನನ್ನ ಅಳಿಯ ಕೇಳಿದ. ಸಿಗುತ್ತದೆ, ಖರ್ಚೂ ಕಡಿಮೆ. ಆದರೆ ಏಳರಲ್ಲಿ ಒಂದು ಬೈಕಿನ ಕಥೆ ಬೇರೆಯಾಗಿತ್ತು. ಅದು ನಮ್ಮ ಗಣಿತದ ಮೇಷ್ಟರ ಬುಲೆಟ್. ನಿಮ್ಮಲ್ಲಿ 2000ಕ್ಕಿಂತ ಮೊದಲು ಓದಿದವರೆಲ್ಲರೂ ಅದರ ಸದ್ದನ್ನು ಬಲ್ಲಿರಿ. ಆ ಸದ್ದು ಗೇಟಿನ ತಿರುವಿನಲ್ಲಿ ಕೇಳಿದ ಕೂಡಲೇ ಹತ್ತನೆಯ ತರಗತಿ ಸ್ತಬ್ಧವಾಗುತ್ತಿತ್ತು. ಬಲಗಾಲಿನಲ್ಲಿ ಗೇರು, ಎಡಗಾಲಿನಲ್ಲಿ ಬ್ರೇಕು ಇರುವ ಹಳೆಯ ಮಾದರಿ. ಮೌಲ್ಯಮಾಪನಕ್ಕೆಂದು ಶಿವಮೊಗ್ಗಕ್ಕೆ ಅದರ ಹಿಂದಿನ ಸೀಟಿನಲ್ಲಿ ನಾನು ಎಷ್ಟು ಸಲ ಹೋಗಿದ್ದೇನೋ ಲೆಕ್ಕವಿಲ್ಲ. ಮೇಷ್ಟರು 2011ರಲ್ಲಿ ತೀರಿಕೊಂಡರು. ಅವರ ಮಗ ಇದೇ ತಂಡದವನು. ತಂದೆಯ ಬೈಕಿನ ವಿನಾ ಬೇರೆಯದರಲ್ಲಿ ಬರುವುದಿಲ್ಲವೆಂದು ಹಟ ಹಿಡಿದ. ಒಬ್ಬನದು ಹಡಗು ಹತ್ತುವುದಾದರೆ ನಮ್ಮವೂ ಹತ್ತಲಿ ಎಂದು ಉಳಿದವರೂ ಹೊರಟರು. ಹೀಗೆ ಚೆನ್ನೈ ಬಂದರಿನಿಂದ ಹೊರಟ ಪೆಟ್ಟಿಗೆ ಪರ್ತಿನ ಪಕ್ಕದ ಫ್ರೀಮ್ಯಾಂಟಲ್ ಬಂದರಿಗೆ ಬಂದಿಳಿಯಿತು. ತಪಾಸಣೆಯವನು ಟಾರ್ಚು ಹಿಡಿದು ಒಂದೊಂದು ಮಡ್‌ಗಾರ್ಡಿನೊಳಗೂ ಇಣುಕಿದಾಗ ಹುಡುಗರ ಮುಖ ನೋಡಬೇಕಿತ್ತು. ಥೇಟು ಪರೀಕ್ಷಾ ಕೊಠಡಿಯ ಮುಖಗಳು. ಎಲ್ಲರೂ ಪಾಸಾದರು.

ಪರ್ತಿನಿಂದ ಕ್ಯಾಲ್ಗೂರ್ಲಿಗೆ ಸುಮಾರು ಆರುನೂರು ಕಿಲೋಮೀಟರು. ದಾರಿಯುದ್ದಕ್ಕೂ ಪಕ್ಕದಲ್ಲಿ ಒಂದು ನೀರಿನ ಕೊಳವೆ ನಮ್ಮ ಜೊತೆಯಲ್ಲೇ ಓಡುತ್ತದೆ. ಗಣಿಯೂರಿಗೆ ಕರಾವಳಿಯ ಕಡೆಯಿಂದ ನೀರೊಯ್ಯಲು ಓ'ಕಾನರ್ ಎಂಬ ಎಂಜಿನಿಯರ್ ರೂಪಿಸಿದ ಯೋಜನೆ ಅದು. ಟೀಕೆ, ನಿಂದೆಗಳನ್ನು ತಾಳಲಾರದೆ ಅವನು 1902ರ ಮಾರ್ಚಿನಲ್ಲಿ ಪ್ರಾಣ ಕಳೆದುಕೊಂಡ. 1903ರ ಜನವರಿಯಲ್ಲಿ ನೀರು ಕ್ಯಾಲ್ಗೂರ್ಲಿಯನ್ನು ಮುಟ್ಟಿತು. ಇದನ್ನು ನಾನು ವಿವರಿಸುತ್ತಿದ್ದಾಗ ವ್ಯಾನು ನಡೆಸುತ್ತಿದ್ದವನು "ಸಾರ್, ಪರೀಕ್ಷೆಗೆ ಬರುತ್ತದೆಯೇ?" ಎಂದು ಕೇಳಿದ.

ನಾರ್ಸ್‌ಮನ್ ಎಂಬ ಊರಿನಿಂದ ಪೂರ್ವಕ್ಕೆ ತಿರುಗಿದರೆ ಐರ್ ಹೆದ್ದಾರಿ. ಅಲ್ಲಿಂದ ಸೆಡೂನಾವರೆಗೆ ಸುಮಾರು 1,200 ಕಿಲೋಮೀಟರು. ನಡುವೆ ಊರೆನ್ನುವಂಥದ್ದು ಇಲ್ಲವೆಂದೇ ಹೇಳಬೇಕು. ಪೆಟ್ರೋಲು, ಊಟ, ಹಾಸಿಗೆ ಮೂರೂ ಒಂದೇ ಸೂರಿನಡಿ ಸಿಗುವ ರೋಡ್‌ಹೌಸುಗಳಿವೆ. ಒಂದರಿಂದ ಇನ್ನೊಂದಕ್ಕೆ ಕೆಲವೆಡೆ ಇನ್ನೂರು ಕಿಲೋಮೀಟರಿನಷ್ಟು ಅಂತರ. ನಲ್ಲಾರ್ಬಾರ್ ಎಂಬ ಹೆಸರು ಲ್ಯಾಟಿನ್ನಿನದು, ಮರವಿಲ್ಲದ್ದು ಎಂದರ್ಥ. ಎರಡು ಲಕ್ಷ ಚದರ ಕಿಲೋಮೀಟರಿನಷ್ಟು ಸುಣ್ಣಕಲ್ಲಿನ ಚಪ್ಪಡಿ. ನಕಾಶೆಯಲ್ಲಿ ಆ ಭಾಗದಲ್ಲಿ ಕೈಯಿಟ್ಟು "ಇಲ್ಲಿ ಏನೂ ಇಲ್ಲ, ಮುಂದೆ ನೋಡಿ" ಎಂದು ತರಗತಿಯಲ್ಲಿ ದಾಟಿಬಿಡುತ್ತಿದ್ದ ಜಾಗವನ್ನು ದಾಟಲು ನಮಗೆ ಐದು ದಿನ ಬೇಕಾಯಿತು. ಬ್ಯಾಲಡೋನಿಯ ಮತ್ತು ಕೈಗೂನಾಗಳ ನಡುವೆ 146.6 ಕಿಲೋಮೀಟರು ರಸ್ತೆ ಒಂದು ತಿರುವೂ ಇಲ್ಲದೆ ನೇರವಾಗಿ ಸಾಗುತ್ತದೆ. ಹೊಸನಗರದವರಿಗೆ, ನೂರು ಗಜಕ್ಕೊಂದು ತಿರುವು ಕಂಡವರಿಗೆ, ಇದು ಬಹಳ ದೊಡ್ಡ ಶಿಕ್ಷೆ. ತಿರುವಿಲ್ಲದಿದ್ದರೆ ನಿದ್ದೆ ಬರುತ್ತದೆ. ಐವತ್ತು ಕಿಲೋಮೀಟರಿಗೊಮ್ಮೆ ನಿಂತು, ಮುಖ ತೊಳೆದು, ಏನಾದರೂ ಜಗಳ ತೆಗೆದು ಮುಂದುವರಿಯುವುದೆಂದು ಹುಡುಗರು ನಿಯಮ ಮಾಡಿಕೊಂಡರು.

ಮೇಷ್ಟರ ಬುಲೆಟ್ ಎಪ್ಪತ್ತೈದಕ್ಕಿಂತ ವೇಗವಾಗಿ ಹೋಗದು. ಆದುದರಿಂದ ಏಳೂ ಬೈಕುಗಳು ಎಪ್ಪತ್ತೈದರಲ್ಲೇ ಹೋದವು. ಒಂದಕ್ಕಿಂತ ಹೆಚ್ಚು ಟ್ರೈಲರುಗಳ ಉದ್ದನೆಯ ಲಾರಿಗಳು ಅಲ್ಲಿ ಓಡಾಡುತ್ತವೆ. ರೋಡ್ ಟ್ರೇನ್ ಎಂದು ಅವುಗಳ ಹೆಸರು. ಅವು ದಾಟಿ ಹೋಗುವಾಗ ಗಾಳಿ ಮೊದಲು ಬೈಕನ್ನು ಹೊರಕ್ಕೆ ನೂಕಿ, ಆಮೇಲೆ ಒಳಕ್ಕೆ ಎಳೆಯುತ್ತದೆ. ಹಿಂದೆ ದೊಡ್ಡ ಲಾರಿ ಕಂಡೊಡನೆ ಕೊನೆಯವನು ಕೈಯೆತ್ತಬೇಕು, ಎಲ್ಲರೂ ಎಡಕ್ಕೆ ಸರಿಯಬೇಕು. ಇದೇ ಭೂಖಂಡವನ್ನು 1950ರ ಕೊನೆಯಲ್ಲಿ ಹೊರಟು ವಿನಿಫ್ರೆಡ್ ವೆಲ್ಸ್ ಎಂಬ ಇಪ್ಪತ್ತೆರಡರ ತರುಣಿ ಒಬ್ಬಳೇ, ಸಿಡ್ನಿಯಿಂದ ಪರ್ತಿಗೆ ಹೋಗಿ ಮರಳಿ ಬಂದಿದ್ದಳು. ಅದೂ 350 ಸಿಸಿಯ ರಾಯಲ್ ಎನ್‌ಫೀಲ್ಡ್ ಬುಲೆಟ್ಟಿನಲ್ಲಿ. ಆಗ ಈ ರಸ್ತೆಗೆ ಡಾಂಬರಿರಲಿಲ್ಲ. ಐರ್ ಹೆದ್ದಾರಿಗೆ ಪೂರ್ತಿ ಡಾಂಬರು ಬಿದ್ದದ್ದು 1976ರಲ್ಲಿ. ಈ ಕಥೆ ಹೇಳಿದ ಮೇಲೆ ಮೈಕೈ ನೋವೆಂದು ದೂರುವವರು ಕಡಿಮೆಯಾದರು.

ಈ ರಸ್ತೆಗೆ ಹೆಸರಾದ ಐರ್ 1841ರಲ್ಲಿ ಈ ಬಯಲಿನ ಅಂಚಿನಲ್ಲೇ ಪಶ್ಚಿಮಕ್ಕೆ ನಡೆದು ಹೋದ. ಜೊತೆಗಾರ ಬ್ಯಾಕ್ಸ್‌ಟರ್ ನಡುದಾರಿಯಲ್ಲಿ ಕೊಲೆಯಾದ ಮೇಲೆ ಕೊನೆಯವರೆಗೂ ಅವನ ಸಂಗಡ ಇದ್ದವನು ವೈಲಿ ಎಂಬ ಮೂಲನಿವಾಸಿ ತರುಣ. ಐರನಿಗೆ ಸಾವಿರಕ್ಕೂ ಮಿಕ್ಕಿದ ಕಿಲೋಮೀಟರಿನ ಹೆದ್ದಾರಿ, ವೈಲಿಗೆ ಒಂದು ಬೆಟ್ಟದಂಚು. ಹೆಸರಿಡುವ ಕೆಲಸದಲ್ಲಿ ಎಲ್ಲ ದೇಶದವರೂ ಒಂದೇ ಎಂದು ನನಗೆ ತೋರಿತು.

ಕೈಗೂನಾದಿಂದ ಮುಂದೆ ಗಡಿಯಾರವನ್ನು ನಲವತ್ತೈದು ನಿಮಿಷ ಮುಂದಿಟ್ಟುಕೊಳ್ಳುತ್ತಾರೆ. ಸರಕಾರದ ಕಾಯಿದೆಯಲ್ಲಿಲ್ಲದ, ಅಲ್ಲಿಯ ಕೆಲವೇ ಜನ ತಮಗೆ ತಾವೇ ಮಾಡಿಕೊಂಡ ಸಮಯ. ಅಂಥ ಒಂದು ಬೆಳಿಗ್ಗೆ, ಮಂಡ್ರಬಿಲ್ಲ ದಾಟಿದ ಮೇಲೆ, ಅದು ನಡೆಯಿತು.

ಕತ್ತಲಾದ ಮೇಲೆ ಬೈಕು ಓಡಿಸಬಾರದು, ಸೂರ್ಯೋದಯವಾಗಿ ಒಂದು ಗಂಟೆಯ ಮುನ್ನ ಹೊರಡಬಾರದು ಎಂಬ ನಿಯಮವನ್ನು ಎಲ್ಲರೂ ಪಾಲಿಸಿದ್ದರು. ಅಂದು ಮೋಡ ಕವಿದಿತ್ತು, ತುಂತುರು ಬೀಳುತ್ತಿತ್ತು. ಎಡಗಡೆಯ ಪೊದೆಗಳಿಂದ ಒಂದು ಕಾಂಗರೂ ಹಾರಿಬಂದು ಮೇಷ್ಟರ ಮಗನ ಮುಂದಿನ ಚಕ್ರಕ್ಕೆ ಬಡಿಯಿತು. ವ್ಯಾನಿನಲ್ಲಿದ್ದ ನಮಗೆ ಕಂಡದ್ದು ರಸ್ತೆಯ ಮೇಲೆ ಕಿಡಿಯ ಗೆರೆಯೊಂದೇ. ನಾವು ಹತ್ತಿರ ಹೋದಾಗ ಅವನು ಎದ್ದು ಕೂತಿದ್ದ, ಮಾತಾಡುತ್ತಿದ್ದ. ಬಲಗೈ ಮಾತ್ರ ಎತ್ತಲಾಗುತ್ತಿರಲಿಲ್ಲ. ಉಸಿರಾಡುವಾಗ ಪಕ್ಕೆಯಲ್ಲಿ ನೋವು. ಬಾಡಿಗೆಗೆ ತಂದಿದ್ದ ಸ್ಯಾಟಲೈಟ್ ಫೋನು ಅಂದು ಉಪಯೋಗಕ್ಕೆ ಬಂತು. ಹಿಂದಿನ ರೋಡ್‌ಹೌಸಿಗೆ ಅವನನ್ನು ಮೆಲ್ಲನೆ ಕರೆದೊಯ್ದೆವು. 1928ರಿಂದ ನಡೆದುಬಂದ ಹಾರುವ ವೈದ್ಯರ ಸೇವೆಯನ್ನು ಕುರಿತು ನಾನು ಪಾಠದಲ್ಲಿ ನಾಲ್ಕು ಸಾಲು ಹೇಳುತ್ತಿದ್ದುದುಂಟು. ಮಧ್ಯಾಹ್ನ ಅವರ ಪುಟ್ಟ ವಿಮಾನ ಮಣ್ಣಿನ ಪಟ್ಟಿಯ ಮೇಲೆ ಧೂಳೆಬ್ಬಿಸಿ ಇಳಿದಾಗ ನನ್ನ ಕಣ್ಣು ಒದ್ದೆಯಾಯಿತು. ನಾಲ್ಕು ದಿನಗಳಲ್ಲಿ ನಾವು ಬಂದ ದಾರಿಯನ್ನು ಅದು ಹಿಮ್ಮುಖವಾಗಿ ಹಾರಿ ಅವನನ್ನು ಕ್ಯಾಲ್ಗೂರ್ಲಿಯ ಆಸ್ಪತ್ರೆಗೆ ಸೇರಿಸಿತು. ಹೆಗಲ ಎಲುಬು ಮುರಿದಿದೆ, ಎರಡು ಪಕ್ಕೆಲುಬು ಬಿರಿದಿವೆ, ಪ್ರಾಣಕ್ಕೆ ಅಪಾಯವಿಲ್ಲ ಎಂದು ಸಂಜೆ ಸುದ್ದಿ ಬಂತು.

ಉಳಿದದ್ದು ಬೈಕು. ಮುಂದಿನ ಫೋರ್ಕು ಬಾಗಿ ಎಂಜಿನ್ನಿಗೆ ತಾಗಿತ್ತು, ಹೆಡ್‌ಲೈಟು ಪುಡಿ, ಟ್ಯಾಂಕು ಒಂದು ಕಡೆ ಒಳಸರಿದಿತ್ತು. ರಾತ್ರಿ ರೋಡ್‌ಹೌಸಿನ ಮೇಜಿನ ಸುತ್ತ ಆರೂ ಮಂದಿ ಕೂತರು. ತಂಡದ ಲೆಕ್ಕಪತ್ರ ನೋಡುತ್ತಿದ್ದವನು ಹೇಳಿದ ಮಾತನ್ನು ನಾನು ತಪ್ಪೆನ್ನಲಾರೆ: ಸುಂಕದವರ ಸಮ್ಮುಖದಲ್ಲಿ ವಾಹನವನ್ನು ನಾಶಪಡಿಸಿ ಕಾರ್ನೆಯಲ್ಲಿ ಬರೆಸಿಕೊಳ್ಳಲು ಅವಕಾಶವಿದೆ, ವ್ಯಾನಿನಲ್ಲಿ ಜಾಗವಿಲ್ಲ, ಇದರ ರಿಪೇರಿಯ ಖರ್ಚಿಗೆ ಇನ್ನೊಂದು ಹಳೆಯ ಬುಲೆಟ್ ಬರುತ್ತದೆ. ಫೋನಿನಲ್ಲಿ ಮೇಷ್ಟರ ಮಗನೂ ಅದನ್ನೇ ಹೇಳಿದ: "ಬಿಟ್ಟುಬಿಡ್ರೋ. ನನ್ನಿಂದ ನಿಮ್ಮ ಪ್ರವಾಸ ಕೆಡಬಾರದು." ಆಮೇಲೆ ತುಸು ತಡೆದು, "ಅಮ್ಮನಿಗೆ ನಾನೇ ಹೇಳ್ತೀನಿ" ಎಂದ.

ಬಹಳ ಹೊತ್ತು ಯಾರೂ ಮಾತಾಡಲಿಲ್ಲ. ನನ್ನ ಅಭಿಪ್ರಾಯ ಕೇಳಿದರು. ನಾನು ಹೇಳಿದರೆ ಅದು ಮೇಷ್ಟರ ಆಜ್ಞೆಯಾಗುತ್ತದೆ, ಅವರವರ ಹಣ, ಅವರವರ ರಜೆ, ಸುಮ್ಮನಿದ್ದೆ. ಕೊನೆಗೆ ತರಗತಿಯಲ್ಲಿ ಒಂದು ದಿನವೂ ತಾನಾಗಿ ಬಾಯಿಬಿಡದಿದ್ದ, ಗಣಿತದಲ್ಲಿ ಪ್ರತಿ ಸಲವೂ ಅಂಚಿನಲ್ಲಿ ಪಾಸಾಗುತ್ತಿದ್ದ ಒಬ್ಬನು ಎದ್ದು ಹೊರಗೆ ಹೋದ. ವ್ಯಾನಿನ ಬಾಗಿಲು ತೆರೆದ ಸದ್ದಾಯಿತು. ನಾವು ಹೋಗಿ ನೋಡಿದರೆ ಆತ ಡೇರೆ, ಹೆಚ್ಚುವರಿ ಟಯರು, ನೀರಿನ ಕ್ಯಾನುಗಳನ್ನು ಕೆಳಗಿಳಿಸಿ, ಆರು ಬೈಕುಗಳ ಮುಂದೆ ಆರು ಗುಡ್ಡೆಗಳಾಗಿ ಪಾಲು ಮಾಡುತ್ತಿದ್ದ. ಲೆಕ್ಕದವನು ಒಂದು ನಿಮಿಷ ನೋಡಿ, "ನನಗೆ ಎರಡು ಟಯರು ಕೊಡು, ನನ್ನದು ದೊಡ್ಡ ಬೈಕು" ಎಂದ.

ಮುಂದಿನ ಎರಡೂವರೆ ಸಾವಿರ ಕಿಲೋಮೀಟರುಗಳನ್ನು ನಾನು ಬೆನ್ನ ಹಿಂದೆ ಹಗ್ಗ ಬಿಗಿದು ಮಲಗಿಸಿದ ಬುಲೆಟ್ಟಿನ ಪೆಟ್ರೋಲ್ ವಾಸನೆಯಲ್ಲಿ ಕಳೆದೆ. ಬೈಟ್ ಕೊಲ್ಲಿಯ ತುದಿಯಲ್ಲಿ ತಿಮಿಂಗಿಲಗಳನ್ನು ಕಂಡೆವು. ತಾಯಿಯ ಪಕ್ಕ ಮರಿ. ಸೆಡೂನಾದ ತಪಾಸಣೆಗೆ ಮೊದಲು, ಹಣ್ಣು ಒಳಗೆ ಬಿಡುವುದಿಲ್ಲವೆಂದು, ಮಗಳು ಕಟ್ಟಿಕೊಟ್ಟಿದ್ದ ಕಿತ್ತಳೆಗಳಲ್ಲಿ ಉಳಿದಿದ್ದವನ್ನೆಲ್ಲ ರಸ್ತೆಬದಿಯಲ್ಲಿ ನಿಂತು ತಿಂದೆವು. ಪೋರ್ಟ್ ಅಗಸ್ಟಾ, ಬ್ರೋಕನ್ ಹಿಲ್, ಡಬ್ಬೋ ಎಂದು ಊರುಗಳು ಹಿಂದೆ ಸರಿದವು. ಈಗ ಯಾರಿಗೂ ಎಪ್ಪತ್ತೈದರ ಮಿತಿ ಇರಲಿಲ್ಲ, ಆದರೂ ಅದೇ ವೇಗದಲ್ಲೇ ಹೋದರು. ಹೊರೆ ಹೆಚ್ಚಾಗಿತ್ತು ಎಂಬುದೂ ನಿಜ.

ಮೇಷ್ಟರ ಮಗ ಆಸ್ಪತ್ರೆಯಿಂದ ಬಿಡುಗಡೆಯಾಗಿ ಪರ್ತಿನಲ್ಲಿ ನನ್ನ ಮಗಳ ಮನೆಯಲ್ಲಿ ಹತ್ತು ದಿನ ಇದ್ದ. ತನ್ನ ಪರವಾಗಿ ಬೈಕನ್ನು ಹಡಗಿಗೇರಿಸಲು ಗೆಳೆಯರಿಗೆ ಅಧಿಕಾರ ಕೊಡುವ ಪತ್ರಕ್ಕೆ ಎಡಗೈಯಲ್ಲಿ ಸಹಿ ಮಾಡಿ ಕಳಿಸಿದ. ಮೂರನೆಯ ತರಗತಿಯ ಹುಡುಗನ ಅಕ್ಷರ. ಸಿಡ್ನಿಯಲ್ಲಿ ಸುಂಕದ ಅಧಿಕಾರಿಣಿ ಅದನ್ನೂ ಕಾರ್ನೆಯಲ್ಲಿದ್ದ ಸಹಿಯನ್ನೂ ಹಲವು ಸಲ ಹೋಲಿಸಿ ನೋಡಿ, ಆಸ್ಪತ್ರೆಯ ಕಾಗದ ಓದಿ, ವ್ಯಾನಿನೊಳಗೆ ಬಗ್ಗಿ ಚಾಸಿಸ್ ನಂಬರನ್ನು ಬೆರಳಿನಿಂದ ಸವರಿ ಸವರಿ ಓದಿದಳು. ಆಮೇಲೆ ಮುದ್ರೆ ಒತ್ತಿ, ತನ್ನ ಭಾಗವನ್ನು ಹರಿದುಕೊಂಡಳು.

ಬುಲೆಟ್ ಈಗ ಹೊಸನಗರದಲ್ಲಿದೆ, ಓಡುತ್ತದೆ. ಫೋರ್ಕು ಹೊಸದು. ಟ್ಯಾಂಕಿನ ತಗ್ಗನ್ನು ತಟ್ಟಿ ಸರಿಮಾಡಿಸಿದ್ದಾರೆ. ಹೆಡ್‌ಲೈಟಿನ ಬಟ್ಟಲು ಮಾತ್ರ ಎಷ್ಟು ತಿರುಗಿಸಿದರೂ ಸರಿಯಾಗಿ ಕೂರುತ್ತಿಲ್ಲವಂತೆ; ರಾತ್ರಿ ಬರುವಾಗ ಬೆಳಕು ರಸ್ತೆಯ ಎಡಬದಿಯ ಮರಗಳ ಮೇಲೆಯೇ ಬೀಳುತ್ತದೆ.