ಮಗನ ಹೊಟ್ಟೆಯ ಕಲ್ಲುಗಳು

ಮನೆಯ ಮಾತನ್ನು ಮನೆಯಲ್ಲಿಯೇ ಇಟ್ಟುಕೊಳ್ಳತಕ್ಕದ್ದೆಂಬುದು ನಮ್ಮ ಹಿರಿಯರ ಕ್ರಮ. ಆದರೂ ನನ್ನ ಮಗನ ವ್ಯಾಧಿಯ ವೃತ್ತಾಂತವನ್ನು ವಾಚಕ ಮಹಾಶಯರ ಮುಂದಿಡಲು ಅವನ ಅನುಮತಿಯನ್ನು ಕೇಳಿ ಪಡೆದಿದ್ದೇನೆ. ಅವನು ಹೇಳಿದ್ದು ಒಂದೇ ಮಾತು: "ಪೆಟ್ಟಿಗೆಯ ಸಂಗತಿಯನ್ನೂ ಬರೆಯಬೇಕು." ಅದನ್ನೂ ಬರೆಯುತ್ತೇನೆ.

ನಮ್ಮದು ಸಾಗರ ತಾಲ್ಲೂಕಿನಲ್ಲಿ ಶರಾವತಿಯ ಹಿನ್ನೀರಿನ ಆಚೆ ದಡ, ತುಮರಿಗೆ ಸಮೀಪ. ೧೯೬೪ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಮುಗಿದು ನೀರು ನಿಂತಾಗ ನನ್ನ ತಂದೆಯವರ ಮನೆಯೂ ತೋಟವೂ ಮುಳುಗಿದವು. ಅವರು ಗುಡ್ಡದ ಬದಿಗೆ ಬಂದು ಹೊಸದಾಗಿ ಅಡಿಕೆ ಹಾಕಿದರು. ನಾನು ಹುಟ್ಟಿದ್ದು ಆಮೇಲೆ. ಹೈಸ್ಕೂಲಿನ ಹುಡುಗರಿಗೆ ಸಂಸ್ಕೃತವನ್ನೂ ಕನ್ನಡವನ್ನೂ ಹೇಳಿಕೊಟ್ಟು ಈಚೆಗೆ ನಿವೃತ್ತನಾದೆನು.

ಮಗನಿಗೆ ಮೊದಲು ನೋವು ಬಂದದ್ದು ೨೦೧೧ರ ಮಳೆಗಾಲದಲ್ಲಿ. ಆಗ ಅವನಿಗೆ ಹದಿನೈದು ವಯಸ್ಸು. ಹಬ್ಬದ ಊಟವಾದ ರಾತ್ರಿ ಹೊಟ್ಟೆಯ ಮೇಲ್ಭಾಗದಲ್ಲಿ ಹುಟ್ಟಿದ ಶೂಲೆಯು ಬೆನ್ನಿಗೆ ತೂರಿತು. ದಿಂಬನ್ನು ಹೊಟ್ಟೆಗೆ ಒತ್ತಿಕೊಂಡು ಮುಂದಕ್ಕೆ ಬಾಗಿ ಕುಳಿತರೆ ಮಾತ್ರ ಸ್ವಲ್ಪ ಸಹನೀಯ. ಅಜೀರ್ಣವೆಂದು ಮನೆಯಾಕೆ ಓಮದ ಕಷಾಯ ಮಾಡಿದಳು. ಜಂತುವೆಂದು ನಾನು ಹೇಳಿದೆನು. ಒಬ್ಬ ವೈದ್ಯರು ಹುಳಿತೇಗಿನ ಗುಳಿಗೆಗಳನ್ನು ಕೊಟ್ಟು ನಾಲ್ಕು ವರುಷ ಕಳೆದರು. ನೋವು ಎರಡು ಮೂರು ತಿಂಗಳಿಗೊಮ್ಮೆ ಬರುತ್ತಿತ್ತು. ನಡುರಾತ್ರಿಯಲ್ಲಿ ಬಂದರೆ ಬೆಳಗಿನ ಲಾಂಚಿನ ವರೆಗೆ ಕಾಯಬೇಕು. ಒಂದು ಸಲ ಕೊಲ್ಲೂರಿನ ದಾರಿಯಲ್ಲಿ ಮರ ಬಿದ್ದು ಆ ಕಡೆಯೂ ಮುಚ್ಚಿತ್ತು. ಕಳಸವಳ್ಳಿಯ ದಡದಲ್ಲಿ, ಜೀಪಿನೊಳಗೆ, ಹುಡುಗನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಮಳೆಯ ಸದ್ದನ್ನು ಕೇಳುತ್ತ ಕುಳಿತಿದ್ದ ಆ ರಾತ್ರಿಯನ್ನು ನಾನು ಮರೆತಿಲ್ಲ.

೨೦೧೫ರಲ್ಲಿ ಅವನು ಶಿವಮೊಗ್ಗೆಯಲ್ಲಿ ಓದುತ್ತಿದ್ದಾಗ ಹೊಟ್ಟೆಯ ಸ್ಕ್ಯಾನು ಮಾಡಿಸಿದೆವು. ಜಠರದ ಹಿಂದೆ ಅಡ್ಡಲಾಗಿ ಮಲಗಿರುವ ಮೇದೋಜೀರಕವೆಂಬ ಗ್ರಂಥಿಯ ತುಂಬ ಕಲ್ಲುಗಳು. ಡಾಕ್ಟರರು ಮೊದಲು ಕೇಳಿದ ಪ್ರಶ್ನೆ: "ಹುಡುಗ ಕುಡಿಯುತ್ತಾನೆಯೆ?" ಅದು ಅವರು ಕೇಳಬೇಕಾದ ಪ್ರಶ್ನೆಯೇ, ಈ ಗ್ರಂಥಿಯ ದೀರ್ಘಕಾಲದ ಉರಿಗೆ ಮದ್ಯವು ಮುಖ್ಯ ಕಾರಣಗಳಲ್ಲೊಂದು. ಇಲ್ಲವೆಂದು ನಾನು ಗಟ್ಟಿಯಾಗಿ ಹೇಳಿದೆನು. ಆದರೆ ಆ ಪ್ರಶ್ನೆಯು ಮನಸ್ಸಿನಲ್ಲಿ ಮುಳ್ಳಾಗಿ ಉಳಿಯಿತು. ಮುಂದಿನ ವಾರ ಅವನು ಕಾಲೇಜಿಗೆ ಹೋಗಿದ್ದ ಹೊತ್ತು ನೋಡಿ ಅವನ ಕೊಠಡಿಗೆ ಹೋಗಿ ಪೆಟ್ಟಿಗೆಯನ್ನು ಶೋಧಿಸಿದೆನು. ಸೀಸೆ ಸಿಕ್ಕಲಿಲ್ಲ. ತಾಯಿ ಕಟ್ಟಿಕೊಟ್ಟ ಹಿಂಗ್ವಾಷ್ಟಕ ಚೂರ್ಣದ ಪೊಟ್ಟಣವೂ, ಔಷಧದ ಅಂಗಡಿಯ ಚೀಟಿಗಳ ಒಂದು ಕಟ್ಟೂ ಇದ್ದವು. ನಮಗೆ ತಿಳಿಸಿದರೆ ಗಾಬರಿಯಾಗುವೆವೆಂದು ಊಟದ ಹಣದಲ್ಲಿ ನೋವಿನ ಗುಳಿಗೆ ಕೊಳ್ಳುತ್ತಿದ್ದನು. ತಲೆಯೆತ್ತಿದಾಗ ಅವನು ಬಾಗಿಲಲ್ಲಿ ನಿಂತಿದ್ದನು. ಏನೂ ಹೇಳಲಿಲ್ಲ. ಮೂವತ್ತು ವರುಷ ಪರರ ಮಕ್ಕಳಿಗೆ ನೀತಿಶ್ಲೋಕಗಳನ್ನು ಬಾಯಿಪಾಠ ಮಾಡಿಸಿದವನು ನಾನು.

ಕುಡಿಯದವರಿಗೂ, ಅದರಲ್ಲಿಯೂ ಚಿಕ್ಕ ವಯಸ್ಸಿನವರಿಗೆ, ಈ ಕಲ್ಲಿನ ರೋಗವು ದಕ್ಷಿಣದೇಶದಲ್ಲಿ ಬಹುಕಾಲದಿಂದ ಉಂಟೆಂದು ಆಮೇಲೆ ತಿಳಿಯಿತು. ಕೇರಳದ ಡಾಕ್ಟರ್ ಗೀವರ್ಗೀಸರು ಅಂಥ ರೋಗಿಗಳನ್ನು ಬಹಳವಾಗಿ ಪರಿಶೀಲಿಸಿ ೧೯೬೮ರಲ್ಲಿ ಗ್ರಂಥವನ್ನೇ ಬರೆದರು. ಬಾಲ್ಯದಲ್ಲಿ ಶೂಲೆ, ಯೌವನದಲ್ಲಿ ಕಲ್ಲು ಮತ್ತು ಮಧುಮೇಹ, ಇದೇ ಅದರ ನಡೆ. ಮರಗೆಣಸಿನ ಮೇಲೆ ಒಮ್ಮೆ ಅಪವಾದ ಬಂದಿತ್ತು, ಸಿದ್ಧವಾಗಲಿಲ್ಲ. ಕೆಲವರಲ್ಲಿ ವಂಶಬೀಜದ ದೋಷವೂ ಕಂಡುಬಂದಿದೆ. ಹಳೆಯ ಅಭ್ಯಾಸದಂತೆ ನಾನು ಸುಶ್ರುತನನ್ನೂ ತೆರೆದೆನು. ಅಲ್ಲಿ ಬರುವ ಕ್ಲೋಮವೆಂಬ ಅಂಗವು ಇದೇ ಎಂದು ಕೆಲವರೂ ಅಲ್ಲವೆಂದು ಕೆಲವರೂ ವಾದಿಸುತ್ತಾರೆ. ಮೂತ್ರಾಶಯದ ಕಲ್ಲನ್ನು ಶಸ್ತ್ರದಿಂದ ತೆಗೆಯುವ ಕ್ರಮವಂತೂ ಸ್ಪಷ್ಟವಾಗಿದೆ. ಪ್ರಾಣಸಂಶಯವಿರುವುದರಿಂದ ವೈದ್ಯನು ಪ್ರಭುವಿನ ಅಪ್ಪಣೆ ಪಡೆದೇ ಕೈಹಾಕಬೇಕೆಂಬ ನಿಯಮವೂ ಇದೆ.

ಶಸ್ತ್ರಚಿಕಿತ್ಸೆಯ ಮಾತು ೨೦೧೬ರಲ್ಲಿಯೇ ಬಂದಿತ್ತು. ಬೇಡವೆಂದವನು ನಾನು. ಬೆಂಗಳೂರಿನಲ್ಲಿ ಹೊರಗಿನಿಂದ ಅಲೆಗಳ ಪೆಟ್ಟು ಕೊಟ್ಟು ಕಲ್ಲನ್ನು ಒಡೆದು, ಬಾಯಿಂದ ನಳಿಕೆ ಇಳಿಸಿ ಚೂರುಗಳನ್ನು ತೆಗೆಯುವ ಉಪಾಯವನ್ನು ಎರಡು ಬಾರಿ ಮಾಡಿಸಿದೆವು. ಕೆಲವು ತಿಂಗಳು ಸುಖ, ಮತ್ತೆ ಅದೇ ದಿಂಬು. ೨೦೧೮ರಲ್ಲಿ ರಕ್ತದಲ್ಲಿ ಸಕ್ಕರೆಯೂ ಕಾಣಿಸಿಕೊಂಡಿತು.

೨೦೧೯ರ ಜನವರಿಯಲ್ಲಿ ಘಟ್ಟವಿಳಿದು ಮಣಿಪಾಲಕ್ಕೆ ಹೋದೆವು. ಅಲ್ಲಿಯ ಶಸ್ತ್ರವೈದ್ಯರು ಕಾಗದದ ಮೇಲೆ ಚಿತ್ರ ಬರೆದು ತೋರಿಸಿದರು. ಗ್ರಂಥಿಯ ನಡುವೆ ಉದ್ದಕ್ಕೂ ಒಂದು ನಾಳವಿದೆ. ೧೬೪೨ರಲ್ಲಿ ಇಟಲಿಯ ಪಾದುವಾ ನಗರದಲ್ಲಿ ವಿರ್ಸುಂಗನೆಂಬವನು ಅದನ್ನು ಕಂಡುಹಿಡಿದನು. ಆಹಾರವನ್ನು ಪಚನಮಾಡುವ ರಸವು ಅದರಲ್ಲಿ ಹರಿದು ಕರುಳಿಗೆ ಬೀಳಬೇಕು. ಕಲ್ಲು ಅಡ್ಡಬಿದ್ದರೆ ರಸ ಹಿಂದಕ್ಕೆ ನಿಂತು ನಾಳ ಉಬ್ಬುತ್ತದೆ. ನನಗೆ ತಟ್ಟನೆ ತಿಳಿಯಿತು: ತೋಟದ ಬಸಿಗಾಲುವೆ ಕಟ್ಟಿದರೆ ನೀರು ನಿಂತು ಅಡಿಕೆಯ ಬೇರು ಕೊಳೆಯುವುದಿಲ್ಲವೆ? ಹಾಗೆಂದಾಗ ಅವರು ನಕ್ಕು, "ನಾವು ಮಾಡುವುದೂ ಕಾಲುವೆ ಬಿಡಿಸುವ ಕೆಲಸವೇ" ಎಂದರು. ನಾಳವನ್ನು ಉದ್ದಕ್ಕೆ ಸೀಳಿ ಕಲ್ಲುಗಳನ್ನು ತೆಗೆದು, ಗ್ರಂಥಿಯ ತಲೆಯಲ್ಲಿ ಗಟ್ಟಿಯಾದ ಮಾಂಸವನ್ನು ಕೆತ್ತಿ, ಸಣ್ಣ ಕರುಳಿನ ಒಂದು ತುಂಡನ್ನು ಮೇಲಕ್ಕೆ ತಂದು ಆ ಸೀಳಿಗೆ ಹೊಲಿಯುವುದು. ರಸವು ನೇರವಾಗಿ ಕರುಳಿಗಿಳಿಯುತ್ತದೆ. ಅಮೆರಿಕೆಯ ಫ್ರೇ ಎಂಬ ಶಸ್ತ್ರವೈದ್ಯರು ೧೯೮೭ರಲ್ಲಿ ಪ್ರಕಟಿಸಿದ ಕ್ರಮವಿದು.

ನಳಿಕೆಯೇ ಸಾಲದೆ ಎಂದು ಕೊನೆಯ ಬಾರಿ ಕೇಳಿದೆನು. ಹಾಲೆಂಡಿನಲ್ಲಿ ೩೯ ರೋಗಿಗಳನ್ನು ಎರಡು ಪಂಗಡ ಮಾಡಿ ನೋಡಿ ೨೦೦೭ರಲ್ಲಿ ಪ್ರಕಟಿಸಿದ ಫಲವನ್ನು ಹೇಳಿದರು: ಎರಡು ವರುಷಗಳ ಕೊನೆಗೆ ಶಸ್ತ್ರದ ಪಂಗಡದಲ್ಲಿ ನೂರಕ್ಕೆ ೭೫ರಷ್ಟು ಮಂದಿಗೆ ನೋವು ಪೂರ್ತಿಯಾಗಿಯೋ ಭಾಗಶಃವೋ ನೀಗಿತ್ತು, ನಳಿಕೆಯ ಪಂಗಡದಲ್ಲಿ ೩೨ರಷ್ಟು ಮಂದಿಗೆ. ರಕ್ತಸ್ರಾವ, ಹೊಲಿಗೆಯ ಸೋರಿಕೆ, ಕೀವು, ಈ ಅಪಾಯಗಳನ್ನೂ ಮರೆಮಾಚಲಿಲ್ಲ. ಸಕ್ಕರೆಯ ರೋಗ ಇದರಿಂದ ಹೋಗದೆಂದೂ ಹೇಳಿದರು. ಆಮೇಲೆ ಒಪ್ಪಿಗೆಯ ಕಾಗದ ಬಂದಿತು. ನಾನು ಜೇಬಿನ ಲೇಖಣಿಯನ್ನು ತೆಗೆದೆನು. ಡಾಕ್ಟರರು ಕಾಗದವನ್ನು ನನ್ನ ಮುಂದಿನಿಂದ ಸರಿಸಿ ಮಗನ ಮುಂದಿಟ್ಟರು. ಅವನಿಗೆ ಇಪ್ಪತ್ತಮೂರು ವರುಷ. ಅವನು ನನ್ನ ಲೇಖಣಿಯನ್ನೇ ಕೇಳಿ ತೆಗೆದುಕೊಂಡು ರುಜು ಹಾಕಿದನು.

ಐದು ಗಂಟೆಯ ಕಾಲ ಹಿಡಿಯಿತು. ಹನ್ನೊಂದನೆಯ ದಿನ ಗಂಜಿ ಕುಡಿದು ಮನೆಗೆ ಹೊರಟನು. ತೆಗೆದ ಕಲ್ಲುಗಳನ್ನು ಸಣ್ಣ ಸೀಸೆಯಲ್ಲಿ ಹಾಕಿಕೊಟ್ಟರು. ಹವಳದ ಚೂರಿನಂತೆ ಬೆಳ್ಳಗೆ, ಮುಳ್ಳುಮುಳ್ಳು. ಮನೆಯಾಕೆ ಅದನ್ನು ಹೊಸಲಿನ ಒಳಗೆ ಬಿಡಲಿಲ್ಲ. ಅದು ಇನ್ನೂ ಕೊಟ್ಟಿಗೆಯ ಮಾಡಿನಲ್ಲಿದೆ. ಅಂದಿನಿಂದ ಇಂದಿನ ವರೆಗೆ ಎರಡು ಬಾರಿ ಅಲ್ಪ ನೋವು ಬಂದುದುಂಟು, ದಿಂಬು ಬೇಕಾಗಲಿಲ್ಲ. ಮರುವರುಷ, ೨೦೨೦ರಲ್ಲಿ, ಹಾಲೆಂಡಿನಿಂದಲೇ ೮೮ ರೋಗಿಗಳ ಇನ್ನೊಂದು ಪರೀಕ್ಷೆಯ ವರದಿ ಬಂದಿತು: ತಡಮಾಡದೆ ಶಸ್ತ್ರ ಮಾಡಿಸಿಕೊಂಡವರಿಗೆ ಮುಂದಿನ ಒಂದೂವರೆ ವರುಷದಲ್ಲಿ ನೋವು ಕಡಮೆ. ಅದನ್ನು ಓದಿ ಹೇಳಿದವನು ಮಗನೇ. ನಾನು ೨೦೧೬ನ್ನು ಲೆಕ್ಕಹಾಕುತ್ತಿದ್ದೆನೆಂಬುದು ಅವನಿಗೆ ತಿಳಿದಿರಬೇಕು, ಮಾತು ಬದಲಾಯಿಸಿದನು.

೨೦೨೫ರ ಜುಲೈ ೧೪ರಂದು ಹಿನ್ನೀರಿನ ಮೇಲೆ ಸೇತುವೆ ತೆರೆಯಿತು. ಈಗ ಇನ್ಸುಲಿನ್ ತರಲು ಸಾಗರಕ್ಕೆ ಯಾವ ಹೊತ್ತಿನಲ್ಲಿ ಬೇಕಾದರೂ ಹೋಗಿಬರಬಹುದು.

ಒಂದು ಸಂಗತಿ ಉಳಿಯಿತು. ಜೀರ್ಣರಸದ ಕೊರತೆಗೆ ಅವನು ಪ್ರತಿಯೊಂದು ಊಟದೊಡನೆ ಕ್ಯಾಪ್ಸೂಲು ನುಂಗಬೇಕು. ಅದು ಹಂದಿಯ ಗ್ರಂಥಿಯಿಂದ ಮಾಡಿದ ಔಷಧವೆಂದು ತಿಳಿದ ದಿನ ನಾನು ಆಪದ್ಧರ್ಮದ ವಚನಗಳನ್ನು ಹುಡುಕುತ್ತ ಜಗಲಿಯಲ್ಲಿ ಕುಳಿತಿದ್ದೆನು. ಒಳಗಿನಿಂದ ಮನೆಯಾಕೆಯ ದನಿ ಕೇಳಿತು. ಆಕೆ ಡಬ್ಬಿಯನ್ನು ಉಪ್ಪಿನಕಾಯಿಯ ಭರಣಿಯ ಪಕ್ಕದಲ್ಲಿಟ್ಟು, ತುಪ್ಪದ ಸೌಟನ್ನು ಎತ್ತಿ ಹಿಡಿದು ಮಗನನ್ನು ಕೇಳುತ್ತಿದ್ದಳು: "ನುಂಗಿದೆಯಾ? ಬಡಿಸಲೇ?"